ಸತ್ತ ಕಾರಿನ ಹೆಸರು

ಗುವಾಲೆಗುವಾಯ್
ಭಾನುವಾರ, ೨೮ ಆಗಸ್ಟ್ ೨೦೧೬

ಪ್ರೀತಿಯ ಅಣ್ಣ ಲಿಸಾಂದ್ರೊ,

ನಿನ್ನ ಕಾಗದ ಬಂದು ಏಳು ವಾರವಾಯಿತು. ಮೂರು ಸಲ ಉತ್ತರ ಶುರುಮಾಡಿದೆ, ಮೂರು ಸಲವೂ ಇಲ್ಲಿಯ ಚಳಿಯ ವಿಷಯ ಒಂದು ಪುಟ ಬರೆದು ಹರಿದುಹಾಕಿದೆ. ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ, ನಿನಗೆ ಗೊತ್ತು. ನಿನ್ನ ಎಣ್ಣೆಬಾವಿಗಳ ಊರಿನಲ್ಲಿ ಗಾಳಿ ಸ್ವಲ್ಪ ತಗ್ಗಿತೆ? ನಿನ್ನ ಮಗ ತೊಬಿಯಾಸನ ಹೊಸ ಹಲ್ಲು ಬಂತೆ? ಅಪ್ಪ ಚೆನ್ನಾಗಿದ್ದಾರೆ. ಮಾಟೆ ಎಲೆಯ ಕಷಾಯಕ್ಕೆ ಸಕ್ಕರೆ ಹಾಕುವುದನ್ನು ಬಿಟ್ಟಿದ್ದಾರೆ. ಈ ಮನೆಯಲ್ಲಿ ಅದು ಸಿಹಿಯಾಗಿರಬೇಕೆನ್ನುತ್ತಿದ್ದವಳು ಅಮ್ಮ ಒಬ್ಬಳೇ.

ನಿನ್ನ ಕಾಗದದ ಕೊನೆಯಲ್ಲಿ ಒಂದು ಪ್ರಶ್ನೆ ಇತ್ತಲ್ಲ, ಅಮ್ಮ ಅವತ್ತು ಅಷ್ಟು ಜೋರಾಗಿ ಯಾಕೆ ಓಡಿಸಿದಳು ಅಂತ. ಅದಕ್ಕೆ ಬರುತ್ತೇನೆ. ಮೊದಲು ಕಾರಿನ ವಿಷಯ ಹೇಳಿಬಿಡುತ್ತೇನೆ.

ಜೂನ್ ತಿಂಗಳಲ್ಲಿ ನನ್ನ ಹೆಸರಿಗೆ ಒಂದು ದಂಡದ ಚೀಟಿ ಬಂತು. ಜೊತೆಗೆ ಫೋಟೋ. ಫೋಟೋದಲ್ಲಿ ಅಮ್ಮನ ಬಿಳಿ ರೆನೊ ಕಾರು, ಅದೇ ನಂಬರು. ಸಾಂತಿಯಾಗೊ ದೆಲ್ ಎಸ್ತೇರೊ ಕಡೆಯ ಹೆದ್ದಾರಿಯಲ್ಲಿ ಗಂಟೆಗೆ ನೂರ ಹದಿನೆಂಟು ಕಿಲೋಮೀಟರ್. ಎರಡು ವರ್ಷದ ಹಿಂದೆ ಸೇತುವೆಗೆ ಬಡಿದು ಮುದ್ದೆಯಾದ ಕಾರು ಅದು. ಕೊರ್ವಲಾನನ ಗುಜರಿ ಅಂಗಳದಲ್ಲಿ ಅದನ್ನು ಕತ್ತರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಫೋಟೋದ ಕಾರಿನ ನೆತ್ತಿಯ ಮೇಲೆ ಸಾಮಾನು ಕಟ್ಟುವ ಕಂಬಿಗಳಿದ್ದವು, ನಮ್ಮದಕ್ಕೆ ಇರಲಿಲ್ಲ. ಅಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ನಿಮ್ಮಮ್ಮ ಯಾವತ್ತೂ ಎಂಬತ್ತು ದಾಟಿದೋಳಲ್ಲ," ಅಂದರು. ಆಮೇಲೆ ಚೀಟಿ ಮಡಚಿ ತಮ್ಮ ಜೇಬಿಗೆ ಹಾಕಿಕೊಂಡರು.

ನನ್ನ ಪದವಿ ಮುಗಿದಾಗ ಅಮ್ಮ ಕಾರನ್ನು ನನ್ನ ಹೆಸರಿಗೆ ಬರೆದುಕೊಟ್ಟಿದ್ದು ನಿನಗೆ ನೆನಪಿರಬೇಕು. ಆ ಅಪಘಾತದಲ್ಲಿ ಅವಳು ಹೋದ ಮೇಲೆ ಅದರ ನೋಂದಣಿ ರದ್ದು ಮಾಡಿಸಬೇಕಾದವಳು ನಾನೇ. ಕಚೇರಿಗೆ ಹೋದೆ. ಅರ್ಜಿಯಲ್ಲಿ ಒಂದು ಖಾನೆ ಇತ್ತು: ವಾಹನ ನಾಶವಾದದ್ದು ಹೇಗೆ, ಮಾಲೀಕರು ತಮ್ಮ ಕೈಯಿಂದಲೇ ಬರೆಯಬೇಕು. ಐದು ವರ್ಷ ಸಾಹಿತ್ಯ ಓದಿದವಳು ಆ ಎರಡು ಸಾಲಿನ ಜಾಗವನ್ನು ನೋಡುತ್ತ ಅರ್ಧ ಗಂಟೆ ನಿಂತು ವಾಪಸು ಬಂದೆ.

ಆ ವಾರವೇ ಕೊರ್ವಲಾನ್ ಮನೆಗೆ ಬಂದ. ಕಾರು ಅವನ ಅಂಗಳಕ್ಕೆ ಹೋಗಿತ್ತು, ಈಗ ಅದರ ಕಾಗದಗಳೂ ಬೇಕಂತೆ. "ಕಾರು ಹೋಯ್ತು ಕಣಮ್ಮ, ಕಾಗದ ಇನ್ನೂ ಗಟ್ಟಿಮುಟ್ಟಾಗಿದೆ. ಅದನ್ನೂ ಯಾಕೆ ಸಾಯಿಸ್ತೀಯ?" ಅಂದ. ಒಡೆತನದ ಪತ್ರ, ನೋಂದಣಿಯ ಹಸಿರು ಚೀಟಿ, ಜೊತೆಗೆ ವರ್ಗಾವಣೆಯ ನಮೂನೆಗೆ ನನ್ನ ಸಹಿ, ಎಲ್ಲವನ್ನೂ ಅವನಿಗೆ ಮಾರಿದೆ. ಕೊಳ್ಳುವವರ ಹೆಸರಿನ ಜಾಗ ಖಾಲಿ. ನಮ್ಮಲ್ಲಿ ಯಾರು ಹಾಗೆ ಮಾರಿಲ್ಲ ಹೇಳು? ನಿನ್ನ ಮೋಟರ್‌ಸೈಕಲನ್ನು ನೀನು ಮಾರಿದ್ದೂ ಖಾಲಿ ನಮೂನೆಗೆ ಸಹಿ ಹಾಕಿಯೇ. ಆ ಖಾನೆ ತುಂಬುವುದು ತಪ್ಪಿತಲ್ಲ ಅಂತ ನಾನು ಅವನಿಗೆ ಥ್ಯಾಂಕ್ಸ್ ಕೂಡ ಹೇಳಿದೆ.

ದಂಡದ ಚೀಟಿ ಬಂದ ಮೇಲೆ ಮತ್ತೆ ನೋಂದಣಿ ಕಚೇರಿಗೆ ಹೋದೆ. ಕಿಟಕಿಯಲ್ಲಿ ಓತೀಲಿಯಾ ಇದ್ದರು, ಅಮ್ಮನ ಜೊತೆ ಚರ್ಚಿನಲ್ಲಿ ಹಾಡುತ್ತಿದ್ದವರು. ಗೆಳತಿಯೊಬ್ಬಳಿಗೆ ಹೀಗಾಗಿದೆ ಅಂತ ಶುರುಮಾಡಿದೆ. ಅವರು ತಲೆ ಎತ್ತದೆ ಕೇಳಿಸಿಕೊಂಡರು.

"ಗುಜರಿ ಮಾರ್ಬೋದು. ಬಾಗ್ಲು, ಚಕ್ರ ಬಿಚ್ಚಿ ಮಾರೋಕೂ ಕಾನೂನಿನ ದಾರಿ ಇದೆ. ಕಾರಿಲ್ದೆ ಅದರ ನಂಬರು, ಕಾಗದ, ಅಂದ್ರೆ ಅದರ ಹೆಸರೊಂದನ್ನೇ ಮಾರೋ ಹಾಗಿಲ್ಲ ಮರಿ. ಆ ಹೆಸರನ್ನ ಕದ್ದ ಕಾರಿಗೆ ಇಡ್ತಾರೆ. ನಿನ್ನ ಗೆಳತಿ ಓದಿದೋಳಾ?"

"ಸಾಹಿತ್ಯದಲ್ಲಿ ಪದವಿ," ಅಂದುಬಿಟ್ಟೆ.

"ಹಾಗಿದ್ರೆ ಸಹಿ ಹಾಕೋ ಮುಂಚೆ ಓದ್ಬೋದಿತ್ತು," ಅಂದು ಮುಂದಿನವರನ್ನು ಕರೆದರು.

ಅಲ್ಲಿಗೇ ಮುಗಿದಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ಹೋದ ಸೋಮವಾರ ಒಬ್ಬ ಹೆಂಗಸು ಫೋನ್ ಮಾಡಿದಳು. ಇಗ್ನಾಸಿಯಾ ಬರ್ರಾಸಾ, ಸಾಂತಿಯಾಗೊ ಕಡೆಯ ನರ್ಸ್, ಹಳ್ಳಿಯಿಂದ ಹಳ್ಳಿಗೆ ಹೋಗಿ ಮಕ್ಕಳಿಗೆ ಲಸಿಕೆ ಹಾಕುವವಳು. ಫೋಟೋದಲ್ಲಿದ್ದ ಆ ಕಾರು ಅವಳದು. ಪೊಲೀಸರು ಅದನ್ನು ಹಿಡಿದಿದ್ದಾರೆ. ಗೊತ್ತಿದ್ದೇ ಕಳ್ಳಮಾಲು ಕೊಂಡಳು ಅಂತ ಅವಳ ಮೇಲೆ ಮೊಕದ್ದಮೆ. ಕೆಲಸದಿಂದಲೂ ದೂರ ಇಟ್ಟಿದ್ದಾರೆ. ಅವಳು ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು.

"ಸಹಿ ನಿಮ್ದೇ ತಾನೆ? ಅಷ್ಟು ಹೇಳಿ ಸಾಕು. ಸಹಿ ನೋಡಿ ನಂಬಿದೆ ನಾನು."

ಆವತ್ತಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಒಂದೇ ಕಪಾಟನ್ನು ನಾಲ್ಕು ಸಲ ಜೋಡಿಸಿದೆ. ಬೀದಿಯಲ್ಲಿ ಬಿಳಿ ಕಾರು ಹೋದರೆ ನಂಬರು ನೋಡುತ್ತೇನೆ. ನಿಜವಾದ ಕಾರು ಗುಜರಿಯಾಯಿತು, ಕಾಗದ ಕೊಟ್ಟವಳು ನಾನು ಅಂತ ಸರ್ಕಾರಿ ವಕೀಲರ ಮುಂದೆ ಹೇಳಿಕೆ ಕೊಟ್ಟರೆ ಅವಳು ಮೊಕದ್ದಮೆಯಿಂದ ಪಾರಾಗಬಹುದು. ಅಪ್ಪನಿಗೆ ಹೇಳಿದೆ. ಅವರು ಕೆಟಲು ಕೆಳಗಿಟ್ಟರು.

"ಬೇಡ ಮಗಳೇ. ಕಾಗದದಿಂದ ಶುರುಮಾಡ್ತಾರೆ. ಆಮೇಲೆ ಕಾರು ನುಜ್ಜಾಗಿದ್ದು ಹೇಗೆ ಅಂತಾನೂ ಕೇಳ್ತಾರೆ."

"ಕೇಳ್ಲಿ ಅಪ್ಪ."

ಅವರು ಎದ್ದು ಒಳಗೆ ಹೋದರು. ಆದರೆ ಇವತ್ತು ಮಧ್ಯಾಹ್ನ ನೋಡಿದರೆ, ನನ್ನ ಕಪ್ಪು ಕೋಟು ಇಸ್ತ್ರಿಯಾಗಿ ಕುರ್ಚಿಯ ಮೇಲಿತ್ತು. ನಾಳೆ ಎಂಟಕ್ಕೆ ಹೋಗುತ್ತೇನೆ. ಈ ಕಾಗದವನ್ನು ದಾರಿಯಲ್ಲೇ ಅಂಚೆಗೆ ಹಾಕುತ್ತೇನೆ, ಹಿಂದೆ ತಿರುಗಲು ನೆಪ ಇರಬಾರದು.

ಎಣ್ಣೆಬಾವಿಯ ಗೋಪುರ ಹತ್ತುವಾಗ ಹುಷಾರು. ಲುಹಾನಿನ ದೇವಮಾತೆ ನಿನ್ನನ್ನೂ ನಿನ್ನ ಮನೆಯನ್ನೂ ಕಾಯಲಿ. ತೊಬಿಯಾಸನ ಎರಡೂ ಕೆನ್ನೆಗೆ ನನ್ನ ಮುತ್ತು.

ನಿನ್ನ ತಂಗಿ
ನೊಯೆಲಿಯಾ

ಮರೆತ ಮಾತು: ಮರೆತದ್ದಲ್ಲ, ಕೈ ಬಂದಿರಲಿಲ್ಲ. ಅವತ್ತು ಓಡಿಸುತ್ತಿದ್ದವಳು ಅಮ್ಮ ಅಲ್ಲ, ನಾನು. "ನಿಧಾನ ಕಣೇ, ಯಾರೂ ಕಾಯ್ತಾ ಇಲ್ಲ," ಅಂತ ಅವಳು ಪಕ್ಕದಿಂದ ಎರಡು ಸಲ ಹೇಳಿದಳು. ಪೊಲೀಸರಿಗಿಂತ ಮೊದಲು ಅಪ್ಪ ಬಂದರು. ಅಮ್ಮ ಓಡಿಸುತ್ತಿದ್ದಳು ಅಂತ ಹೇಳಿದವರು ಅವರು, ಸುಮ್ಮನಿದ್ದವಳು ನಾನು. ಹೂಳುವ ದಿನ ನೀನು ಅವಳ ಪೆಟ್ಟಿಗೆಯನ್ನು ಮುಟ್ಟಲಿಲ್ಲ, ಸಿಟ್ಟಿನಿಂದ ಸ್ಮಶಾನದ ಗೇಟಿನ ಹತ್ತಿರವೇ ನಿಂತಿದ್ದೆ. ಆ ಸಿಟ್ಟು ಅವಳಿಗೆ ಸೇರಬೇಕಾದದ್ದಲ್ಲ ಅಣ್ಣ. ವಿಳಾಸ ಬದಲಿಸಿ ನನಗೆ ಕಳಿಸು.