ಯಾರಿಗೂ ಚಾಚಲಾಗದ ಸಿಗರೇಟು

ಮಗಳೇ ರುಮೆನಾ,

ಮಾರಿಬೋರ್ ಪಟ್ಟಣ ತಲುಪಿದೆ, ಗಾರೆ ಕೆಲಸ ಶುರುವಾಗಿದೆ. "ಸಿಗರೇಟು ಬಿಡೋ ತನಕ ನನ್ನ ಮಗು ನಿನ್ನ ಕೈಗೆ ಬರಲ್ಲ" ಅಂದಿದ್ದೆಯಲ್ಲ, ಅದಕ್ಕೇ ನಿನ್ನೆ ಇ-ಸಿಗರೇಟು ಕೊಳ್ಳಲು ಹೋದೆ. ಕೆಲವು ಪೆನ್ನಿನಷ್ಟು ಸಣ್ಣ, ಕೆಲವು ನಮ್ಮನೆ ರೇಡಿಯೋದಷ್ಟು ದಪ್ಪ. ಯಾವುದನ್ನು ಆರಿಸುವುದೋ ತಿಳಿಯಲಿಲ್ಲ.

"ದಿನಕ್ಕೆ ಎಷ್ಟು ಬೇಕು ನಿಮ್ಗೆ?" ಎಂದಳು ಅಂಗಡಿಯ ಹುಡುಗಿ.

"ಎರಡು ಪ್ಯಾಕು" ಎಂದೆ.

ದಪ್ಪನೆಯದಕ್ಕೆ ಅತಿ ಖಡಕ್ಕಾದ ನಿಕೋಟಿನ್ ದ್ರವ ತುಂಬಿ ಕೊಟ್ಟಳು. ಒಂದೆರಡು ದಮ್ಮಿಗೇ ತಲೆ ತಿರುಗಿ ಅಲ್ಲೇ ಕುಕ್ಕರಿಸಿದೆ.

"ಎರಡು ಪ್ಯಾಕೂ ನೀವೊಬ್ರೇ ಸೇದ್ತೀರಾ?"

"ನಮ್ಮೂರು ಬಿತೋಲದಲ್ಲಿ ಒಬ್ನೇ ಯಾರಮ್ಮ ಸೇದ್ತಾರೆ? ಮೊದ್ಲು ಸುತ್ತ ಇರೋರಿಗೆಲ್ಲ ಚಾಚಬೇಡ್ವಾ?"

ಅವಳು ಬಿದ್ದು ಬಿದ್ದು ನಕ್ಕಳು. ಯೋಚಿಸಿದರೆ ನಾನು ಸೇದುತ್ತಿದ್ದುದಕ್ಕಿಂತ ಹಂಚುತ್ತಿದ್ದುದೇ ಹೆಚ್ಚು. ಕೊನೆಗೆ ಪೆನ್ನಿನಂಥದನ್ನೇ, ಸಪ್ಪೆ ದ್ರವ ಹಾಕಿಸಿ ತಂದೆ.

ಇವತ್ತು ಬಿಡುವಿನಲ್ಲಿ ಅಭ್ಯಾಸಬಲದಿಂದ ಅದನ್ನೇ ಪಕ್ಕದಲ್ಲಿದ್ದ ಜೊತೆಗೆಲಸದ ಕ್ರಸ್ತೆಗೆ ಚಾಚಿದೆ.

"ಥೂ, ನಿನ್ನ ಎಂಜಲು ನಂಗ್ಯಾಕೋ ಮುದುಕಾ!" ಎಂದು ಎದ್ದುಹೋದ.

ಒಬ್ಬನೇ ಕೂತು ಒಂದು ದಮ್ಮು ಎಳೆದೆ. ರುಚಿಸಲಿಲ್ಲ. ಜೇಬಿಗೆ ಹಾಕಿದವನು ಮತ್ತೆ ತೆಗೆದಿಲ್ಲ.

ಹಳೇ ಕೆಮ್ಮು ಹಾಗೇ ಇದೆ, ಹೆದರಬೇಡ. ಈ ಅಂಚೆ ಕಾರ್ಡು ತುಂಬಿತು. ಮಗುವನ್ನು ಎತ್ತಿಕೊಳ್ಳಲು ಕೈ ಖಾಲಿಯಿದೆ.

ಅಪ್ಪ