ಕಡ್ಡಿ ಹಾಕಿದರೂ ಅಳದ ಪುಟ್ಟಿಗೆ

ನನ್ನ ಜಗಳಗಂಟಿ ಪುಟ್ಟೀ,

ಇವತ್ತು ಬೆಳಿಗ್ಗೆ ನೀನು ನನ್ನ ಹೊಟ್ಟೆಗೆ ಒದ್ದೆ. ನೋವೂ ಆಯಿತು. ಆದರೆ ಈ ಪತ್ರ ದೂರು ಹೇಳುವುದಕ್ಕಲ್ಲ, ನಿನ್ನಲ್ಲಿ ಕ್ಷಮೆ ಕೇಳುವುದಕ್ಕೆ. ಓದಲು ಬಂದಾಗ ಓದಿಕೋ.

ನಾನು ಆಸ್ಪತ್ರೆಯ ನೆಲಮಾಳಿಗೆಯ ಲ್ಯಾಬಿನವಳು. ಆ ಮಹಾಮಾರಿಯ ವರ್ಷ ಮಕ್ಕಳ ಮೂಗಿನಿಂದ ತೆಗೆದ ಹತ್ತಿಕಡ್ಡಿಗಳೆಲ್ಲ ಟ್ಯೂಬಿನೊಳಗೆ ಕೂತು ನನ್ನ ಮೇಜಿಗೇ ಬರುತ್ತಿದ್ದವು. ನಿನಗಾಗ ಏಳು ತಿಂಗಳು. ನನ್ನ ಪಾಲಿಗೆ ನೀನು ಟ್ಯೂಬಿನ ಮೇಲಿನ ಒಂದು ಆಸ್ಪತ್ರೆ ನಂಬರು, ಕೊನೆಗೆ ಏಳು ಏಳು ಏಳು.

ನಿನ್ನ ಎದೆ ಗೊರಗೊರ ಎನ್ನುತ್ತಿತ್ತಂತೆ. ನಿನ್ನನ್ನು ಸೋಂಕಿನ ಅನುಮಾನವಿದ್ದವರ ವಾರ್ಡಿಗೆ ಹಾಕಿದರು. ಅಲ್ಲಿಗೆ ಅಮ್ಮಂದಿರನ್ನೂ ಬಿಡುತ್ತಿರಲಿಲ್ಲ. ನಿನ್ನಮ್ಮ ಹೊರಗಿನ ಮೆಟ್ಟಿಲ ಮೇಲೆ ಹಾಲಿನ ಬಾಟಲಿ ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದಳು. ಊಟಕ್ಕೆ ಹೋಗುವಾಗ ದಿನವೂ ಅವಳನ್ನು ದಾಟುತ್ತಿದ್ದೆ. ಯಾರ ತಾಯಿ ಎಂದು ಕೇಳಲಿಲ್ಲ.

ನಿನ್ನ ಪರೀಕ್ಷೆ 'ಇಲ್ಲ' ಎಂದಿತು. ನಾನು ನಂಬಲಿಲ್ಲ. ಆಗ ನಮ್ಮೆಲ್ಲರ ತಲೆಯಲ್ಲಿದ್ದದ್ದು ಒಂದೇ ವೈರಸ್. ಮಾದರಿ ಸಾಲದು, ಮತ್ತೆ ಕಳಿಸಿ ಎಂದು ಬರೆದೆ. ಎರಡನೆಯದೂ ಇಲ್ಲ ಎಂದಿತು. ಮತ್ತೆ ಅದನ್ನೇ ಬರೆದೆ. ಕಡ್ಡಿ ಹಿಡಿಯಲೂ ಬರುವುದಿಲ್ಲ ಇವರಿಗೆ ಎಂದು ನರ್ಸಿನ ಮೇಲೆ ಗೊಣಗಿದೆ ಕೂಡ. ಮೂರು ದಿನ ನಿನ್ನನ್ನೂ ಅಮ್ಮನನ್ನೂ ಅಗಲಿಸಿಟ್ಟವಳು ನಾನು, ಪುಟ್ಟೀ.

ಮೂರನೇ ಟ್ಯೂಬು ತಂದ ನರ್ಸ್ ಕೊಟ್ಟು ಹೋಗದೆ ಬಾಗಿಲಲ್ಲೇ ನಿಂತಳು. "ಅಕ್ಕಾ, ಈ ಸಲ ಮಗು ಅಳಲೇ ಇಲ್ಲ. ಕಡ್ಡಿ ಹಾಕಿದ್ರೂ ಸುಮ್ನೆ ನನ್ನನ್ನೇ ನೋಡ್ತಾ ಇತ್ತು" ಎಂದಳು.

ಅಳುವುದಕ್ಕೂ ನಿನ್ನಲ್ಲಿ ಉಸಿರು ಉಳಿದಿರಲಿಲ್ಲ. ಫ್ರಿಜ್ಜಿನ ಮೂಲೆಯಲ್ಲಿ, ತಿಂಗಳುಗಳಿಂದ ಯಾರೂ ಕೇಳದ ಒಂದು ಕಿಟ್ ಇತ್ತು, ಉಳಿದೆಲ್ಲ ನೆಗಡಿ ವೈರಸ್‌ಗಳನ್ನು ಒಟ್ಟಿಗೆ ಹುಡುಕುವಂಥದ್ದು. ಡಾಕ್ಟರಿಗೆ ಫೋನ್ ಮಾಡಿ, ಅವರು ಹೂಂ ಎಂದ ಮೇಲೆ ನಿನ್ನ ಮಾದರಿಯನ್ನು ಅದರಲ್ಲಿ ಪರೀಕ್ಷೆಗೆ ಹಾಕಿದೆ. ಮಧ್ಯಾಹ್ನದೊಳಗೆ ಸಿಕ್ಕಿತು. ವರ್ಷ ವರ್ಷವೂ ಬಂದು ಹಸುಗೂಸುಗಳ ಎದೆ ಹಿಡಿಯುವ ಹಳೆಯ ವೈರಸ್. ಅದೊಂದು ಇದೆಯೆಂಬುದನ್ನೇ ಮರೆತು ಕೂತಿದ್ದೆವು.

ಅದಕ್ಕೆ ವಿಶೇಷ ಔಷಧಿಯೇನೂ ಇರಲಿಲ್ಲ. ಆಮ್ಲಜನಕ ಹೇಗೂ ಕೊಡುತ್ತಿದ್ದರು. ಬದಲಾದದ್ದು ವಾರ್ಡು ಮಾತ್ರ, ಅಲ್ಲಿಗೆ ಅಮ್ಮನನ್ನು ಬಿಟ್ಟರು. ಆ ಸಂಜೆ ಅವಳ ಎದೆಗೊರಗಿ ಎರಡು ಚಮಚ ಹಾಲು ಕುಡಿದೆಯಂತೆ. ನರ್ಸ್ ಓಡಿಬಂದು ಹೇಳಿದಾಗ ಟ್ಯೂಬುಗಳ ನಡುವೆ ಕೂತು ಗಳಗಳ ಅತ್ತುಬಿಟ್ಟೆ.

ಇವತ್ತು ಯಾವುದೋ ಜ್ವರಕ್ಕೆಂದು ಬಂದೆ, ಸ್ಕೂಲ್ ಬ್ಯಾಗು ಹೆಗಲಿಗೇರಿಸಿಕೊಂಡು. ಚೀಟಿಯಲ್ಲಿ ನಿನ್ನ ಹಳೆಯ ನಂಬರಿನ ಆ ಮೂರು ಏಳುಗಳನ್ನು ಕಂಡು ಕಡ್ಡಿ ನಾನೇ ಹಿಡಿದೆ. ನೀನು ಒದ್ದೆ. ಕಟ್ಟಡವೇ ಹಾರಿಹೋಗುವಂತೆ ಕಿರುಚಿದೆ. ಅಮ್ಮನಿಗೆ ನಾಚಿಕೆಯಾಗಿ, "ಬೇಜಾರು ಮಾಡ್ಕೋಬೇಡಿ, ಇವಳ ಗಂಟಲೇ ಹಾಗೆ" ಎಂದಳು. ಮೆಟ್ಟಿಲ ಮೇಲಿನ ಆ ಮೂರು ದಿನಗಳ ಮಾತು ನನ್ನ ಬಾಯಿತನಕ ಬಂತು, ಆಡಲಾಗಲಿಲ್ಲ.

"ಅಳ್ಲಿ ಬಿಡಿ, ನಾನು ಕೇಳಿಸ್ಕೋತೀನಿ" ಎಂದೆ, ಅಷ್ಟೇ.

ಎದೆ ತುಂಬ ಉಸಿರೆಳೆದು ಹೀಗೇ ಕಿರುಚುತ್ತಾ ನೂರು ವರ್ಷ ಬಾಳು, ಕಂದಾ.

ನಿನ್ನ ಒದೆ ತಿಂದ,
ನೆಲಮಾಳಿಗೆಯ ಲ್ಯಾಬ್ ಆಂಟಿ