ಮಾರ್ಸೇಯವಳ ಬಾಯಿ

ಮಾರ್ಚ್ 9, ಶನಿವಾರ
ಹಳೆ ಬಂದರಿನಲ್ಲಿ ಮೀನು ಮಾರಿ ಮುಗಿಸುವಷ್ಟರಲ್ಲಿ ಗಂಟಲು ಕಟ್ಟಿತು. ಇವತ್ತು ನನ್ನ ಬಂಗಡೆಗಳು ತಾವೇ ನಡೆದುಕೊಂಡು ಬಂದವು ಎಂದು ಪಕ್ಕದ ಅಂಗಡಿಯ ಕ್ಲೊವಿಸ್‌ಗೆ ಹೇಳಿದೆ. "ನನ್ನವು ಟ್ರ್ಯಾಮ್ ಹತ್ತಿ ಬಂದ್ವು ನೊರೀನ್, ಟಿಕೆಟ್ ಬೇರೆ ತಗೊಂಡಿದ್ವು!" ಅಂದ. ನಮ್ಮ ಮಾರ್ಸೇಯಲ್ಲಿ ಒಬ್ಬರು ಸುಳ್ಳು ಬಿಟ್ಟರೆ ಇನ್ನೊಬ್ಬರು ಅದಕ್ಕಿಂತ ದೊಡ್ಡದು ಬಿಡಬೇಕು. ಅದೇ ಮರ್ಯಾದೆ.

ನಾಳೆ ಪಕ್ಕದ ಎಕ್ಸ್ ಪಟ್ಟಣದಲ್ಲಿ ಊಟ. ನನ್ನ ಮಗಳು ಕ್ಲೆಲಿ ಮದುವೆಯಾಗುವ ಹುಡುಗನ ಮನೆ.

ಮಾರ್ಚ್ 10, ಸಂಜೆ
ಕೆಟ್ಟೆ.

ಆ ಮನೆಯಲ್ಲಿ ಚಮಚಕ್ಕೂ ಸದ್ದಿಲ್ಲ. ಹೊರಗೆ ಕಾರಂಜಿ, ಒಳಗೆ ಕೆಮ್ಮು. ಎಷ್ಟು ಹೊತ್ತು ಅಂತ ತಡೆಯುವುದು? ಹೇಳಿಯೇಬಿಟ್ಟೆ... ತೀರಿಹೋದ ನನ್ನ ಗಂಡನ ಗಾಳಕ್ಕೆ ಬಿದ್ದ ಮೀನು ದೋಣಿಯನ್ನೇ ಕಾರ್ಸಿಕಾ ದ್ವೀಪದವರೆಗೆ ಎಳೆದೊಯ್ದು, ಬೆಳಗಾಗುವಷ್ಟರಲ್ಲಿ ವಾಪಸ್ ತಂದು ಬಿಟ್ಟಿತ್ತು ಎಂದು.

ಹುಡುಗನ ತಾಯಿ ಮದಾಮ್ ಸೆಗೊಲೆನ್ ಫೋರ್ಕ್ ಕೆಳಗಿಟ್ಟರು. "ಅಯ್ಯೋ ಪಾಪ. ಪೊಲೀಸರಿಗೆ ತಿಳಿಸಿದ್ರಾ?"

ತಾಯಿ ಮರಿಯಮ್ಮಾ! ಇದಕ್ಕಿಂತ ದೊಡ್ಡ ಮೀನು ಹಿಡಿಯಲು ಅಷ್ಟು ಜನರಲ್ಲಿ ಒಬ್ಬರಿಗೂ ಆಗಲಿಲ್ಲವೆ?

ಮಾರ್ಚ್ 13
ಕ್ಲೆಲಿಯ ಫೋನ್. "ಅಮ್ಮಾ, ನಿನ್ನನ್ನ ಸುಳ್ಳುಬುರುಕಿ ಅಂದ್ಕೊಂಡಿದಾರೆ ಅವರು. ಮದುವೆ ದಿನ ಭಾಷಣ ಬೇಡ. ದಯವಿಟ್ಟು ಬಾಯಿ ಮುಚ್ಕೊಂಡಿರು."

ಅಪ್ಪ ಇಲ್ಲದ ಮದುವೆ. ನಾನಲ್ಲದೆ ಇನ್ಯಾರು ಮಾತಾಡಬೇಕು? ಮಾತಾಡಿದರೆ ಮಗಳು ಮುಖ ನೋಡುವುದಿಲ್ಲವಂತೆ. ಫೋನ್ ಕುಕ್ಕಿದೆ. ಆಮೇಲೆ ಅತ್ತುಬಿಟ್ಟೆ.

ಏಪ್ರಿಲ್ 2
ಮದುವೆ ಎಲ್ಲಿ ಎಂಬ ಜಗಳ. ಮಾರ್ಸೇ — ಗಲಾಟೆ ಊರು ಎಂದರು ಅವರು. ಎಕ್ಸ್ — ನನ್ನ ಹೆಣ ಬೀಳಲಿ ಎಂದೆ ನಾನು. ಹುಡುಗನ ಸೋದರತ್ತೆ ನೀಸ್ ಊರಿನವಳು. "ನಮ್ಮಲ್ಲೇ ಮಾಡಿ. ಆದ್ರೆ ನಿಮ್ಮ ಜೊತೆ ನಮ್ಮನ್ನ ಸೇರಿಸ್ಬೇಡಿ, ನಾವು ನೀಸ್‌ನೋರು," ಅಂದಳು. ಆಹಾ ಜಂಬವೇ!

ಕೊನೆಗೆ ತೂಲೋಂ. ನೌಕಾಪಡೆಯ ಊರು, ಹನ್ನೊಂದು ಗಂಟೆ ಎಂದರೆ ಹನ್ನೊಂದೇ. ಯಾರಿಗೂ ಇಷ್ಟವಿಲ್ಲ, ಅದಕ್ಕೇ ಎಲ್ಲರೂ ಒಪ್ಪಿದರು.

ಮೇ 30
ಅಂಗಡಿಯಲ್ಲಿ ಸುಮ್ಮನಿರುವ ಅಭ್ಯಾಸ ಮಾಡುತ್ತಿದ್ದೇನೆ. ಮೂರನೇ ದಿನ. ಗಿರಾಕಿಗಳು ಜ್ವರವೇ ಎಂದು ಕೇಳುತ್ತಾರೆ. ಕ್ಲೊವಿಸ್ ಮೀನಿನ ಸಾರು ತಂದುಕೊಟ್ಟ. "ಏನಾಗಿದೆಯೇ ನಿಂಗೆ? ಬೈಯಾದ್ರೂ ಬೈಯೇ!" ಬೈಯಲಿಲ್ಲ. ಸಾರಿಗೆ ಉಪ್ಪು ಕಡಿಮೆ ಇತ್ತು, ಅದನ್ನೂ ಹೇಳಲಿಲ್ಲ.

ಜೂನ್ 15
ಮದುವೆಯಾಯಿತು. ಹನ್ನೊಂದಕ್ಕೇ.

ತುಟಿ ಪಿಟಕ್ಕೆನ್ನಲಿಲ್ಲ. ಹುಡುಗನ ಅಪ್ಪ ಹವಾಮಾನ ವರದಿ ಓದಿದ ಹಾಗೆ ಭಾಷಣ ಮಾಡಿದರು. ನನ್ನ ಸರದಿ ಬಂತು. ಎದ್ದೆ, ಲೋಟ ಎತ್ತಿದೆ, ಕುಡಿದೆ, ಕೂತೆ. ಹೇಳಬೇಕೆಂದಿದ್ದ ಮಾತೆಲ್ಲ ಎದೆಯಲ್ಲೇ ಕುದಿಯಿತು. ಅವಳು ಹುಟ್ಟಿದ ದಿನ ಅವಳ ಅಪ್ಪ ಬಂದರಿನ ದೋಣಿಗಳಿಗೆಲ್ಲ ಅವಳದೇ ಹೆಸರು ಬರೆಸಿದ ಸುಳ್ಳು... ಎಂಥ ಚಂದದ ಸುಳ್ಳು ಅದು.

ಊಟವಾದ ಮೇಲೆ ಮದಾಮ್ ಸೆಗೊಲೆನ್ ನನ್ನ ಕೈ ಹಿಡಿದುಕೊಂಡರು. "ಎಷ್ಟು ಗಂಭೀರ ರೀ ನೀವು! ಮಾರ್ಸೇಯೋರು ಅಂತ ಗೊತ್ತೇ ಆಗಲ್ಲ."

ಪಕ್ಕದಲ್ಲೇ ಇದ್ದ ಕ್ಲೆಲಿಯ ಮುಖ ಅರಳಿತು. "ನಾನು ಹೇಳಿರ್ಲಿಲ್ವಾ ಅತ್ತೆ?" ಅಂದಳು. ಇಡೀ ದಿನ ಅವಳು ಅಷ್ಟು ಖುಷಿಯಾಗಿ ನಕ್ಕಿದ್ದು ಆಗಲೇ. ಥ್ಯಾಂಕ್ಸ್ ಎಂದೆ.

ಜೂನ್ 18
ಮಗಳ ಫೋನ್. "ಭಾನುವಾರ ಎಕ್ಸ್‌ಗೆ ಊಟಕ್ಕೆ ಬಾಮ್ಮಾ. ಅತ್ತೆಗೆ ನೀನು ತುಂಬಾ ಹಿಡಿಸಿದೀಯ."

ಯಾರು ಹಿಡಿಸಿದ್ದು, ನಾನಾ, ಆ ಬಾಯಿ ಮುಚ್ಚಿ ಕೂತವಳಾ ಎಂದು ಕೇಳಲು ಬಾಯಿ ತೆರೆದೆ.

"ಬರ್ತೀನಿ ಕಂದಾ," ಎಂದೆ. ಅಷ್ಟೇ. ಇನ್ನೇನು ಹೇಳಲಿ?